ಲೇಖನಿ ಮುಟ್ಟಿದವರು

ಹುಟ್ಟಿದಾಗಿನಿಂದ ಒಂದು ದಿನವೂ ಹೊಟ್ಟೆನೋವು ಅನ್ನದ ಹುಡುಗಿಗೆ, ಹೊಟ್ಟೆ ಕೊಯ್ಯಿಸಿಕೊಳ್ಳಲು ಬಾ ಎಂದು ಆಸ್ಪತ್ರೆಯಿಂದ ಕಾಗದ ಬಂದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಮೊದಲೇ ಅನುಮಾನದ ಸ್ವಭಾವ. ಅಂಗಡಿಯವನು ತೂಗಿದ ಸಕ್ಕರೆಯನ್ನು ಮನೆಗೆ ತಂದು ಮತ್ತೆ ತೂಗುವವಳು ನಾನು. ರಾಜಧಾನಿ ಸ್ಟಾಕ್‌ಹೋಮ್‌ನಿಂದ ಬಹುದೂರ ಉತ್ತರಕ್ಕಿರುವ ಈ ಹೊಳೆಯ ಎರಡೂ ದಂಡೆಗೆ ಇಪ್ಪತ್ತೆರಡು ವರ್ಷ ನಾನೇ ಸರ್ಕಾರದ ಸೂಲಗಿತ್ತಿ. ಹುಲ್ಡಾ ಬಂದಳು ಅಂದರೆ ಬಾಣಂತಿಗಿಂತ ಮೊದಲು ಅತ್ತೆ ಸೆಟೆದು ಕೂರುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತಮೂರನೇ ಇಸವಿ, ಮೇ ತಿಂಗಳ ಒಂದು ಬುಧವಾರ. ಹೊಳೆಯ ಮಂಜುಗಡ್ಡೆ ಒಡೆದು ಮರದ ದಿಮ್ಮಿಗಳು ತೇಲಲು ಶುರುವಾಗಿತ್ತು. ಎಲ್ವಿರಾ ಕಾಗದ ಹಿಡಿದು ನನ್ನ ಅಡುಗೆಮನೆಗೆ ಬಂದಳು. ಅವಳನ್ನು ಈ ಲೋಕಕ್ಕೆ ಎಳೆದವಳು ನಾನೇ. ತಾಯಿಗೆ ಮದುವೆಯಾಗಿರಲಿಲ್ಲ, ಹೆತ್ತ ವಾರಕ್ಕೆ ಸತ್ತಳು. ಮಗು ಊರವರ ಖರ್ಚಿನಲ್ಲಿ ಅವರಿವರ ಮನೆಯಲ್ಲಿ ಬೆಳೆಯಿತು. ಹದಿನೇಳಕ್ಕೆ ದುಡಿಯುತ್ತಿದ್ದ ಮನೆಯಿಂದ ಎರಡು ಸಲ ಓಡಿಹೋಗಿ ಕಣಜದಲ್ಲಿ ಹುಡುಗ ಹುಡುಗಿಯರು ಕೂಡುವ ಕುಣಿತಕ್ಕೆ ಸೇರಿಕೊಂಡಳು ಅನ್ನುವುದೊಂದೇ ತಪ್ಪು. ಅದಕ್ಕೆ ದಾರಿತಪ್ಪಿದ ಹುಡುಗಿಯರ ಗೃಹಕ್ಕೆ ಕಳಿಸಿದರು. ಮೂರು ವರ್ಷ ಅಲ್ಲಿದ್ದು ಈಗ ರಜೆಯ ಮೇಲೆ ಬಂದಿದ್ದಳು. ಜೂನ್‌ನಲ್ಲಿ ಬರುವ ನಡುಬೇಸಿಗೆಯ ನಡುಹಬ್ಬಕ್ಕೆ ಹೆಲ್ಮರ್ ಜೊತೆ ಮದುವೆ ಎಂದು ಚರ್ಚಿನಲ್ಲಿ ಎಲ್ಲರೆದುರು ಓದಿ ಸಾರಿಯೂ ಆಗಿತ್ತು.

ಕಾಗದ ಓದಿದೆ. ಶುಕ್ರವಾರ ಬೆಳಗಿನ ಬಸ್ಸಿಗೆ ಕರಾವಳಿ ಪಟ್ಟಣದ ಆಸ್ಪತ್ರೆಗೆ ಬರಬೇಕು, ಮಲಗುವ ಅಂಗಿ ತರಬೇಕು, ಅಪೆಂಡಿಕ್ಸ್. ಕೆಳಗೆ ಶಿಫಾರಸು ಎಂದು ನಮ್ಮ ಊರಿನ ಡಾಕ್ಟರ್ ಟೊರ್ನೆಲ್ ಸಹಿ.

"ಹೊಟ್ಟೆ ನೋಯ್ತಿದೆಯೇನೇ?"

"ಹಸಿವಾದಾಗ ನೋಯತ್ತೆ ಹುಲ್ಡಕ್ಕ. ಬೇರೆ ಏನಿಲ್ಲ."

"ಇಲ್ಲಿ, ಬಲಗಡೆ ಒತ್ತಿದ್ರೆ?"

"ಕಚಗುಳಿ ಆಗತ್ತೆ. ಬಿಡಿ."

"ಮತ್ತೆ ಡಾಕ್ಟ್ರಿಗೆ ಯಾರು ಹೇಳಿದ್ರು ನಿನ್ನ ಅಪೆಂಡಿಕ್ಸ್ ಕೆಟ್ಟಿದೆ ಅಂತ?"

"ಅದೇ ಗೊತ್ತಿಲ್ಲ. ಗೃಹದ ಮೇಡಂ ಅಂದ್ರು, ಮದುವೆಗೆ ಮುಂಚೆ ಇದೊಂದು ಆಗ್ಲೇಬೇಕು, ಆಮೇಲೆ ಬಿಡುಗಡೆ ಕಾಗದ ಕೈಗೆ ಕೊಡ್ತೀವಿ ಅಂತ. ಹೆಲ್ಮರ್ ಅಂತಾನೆ, ಓದ್ಕೊಂಡೋರು ಹೇಳಿದ್ದಾರೆ, ಒಳ್ಳೇದಕ್ಕೇ ಇರತ್ತೆ."

"ಅವನೇನು ಕಂಡ? ದಿಮ್ಮಿ ತೇಲಿಸೋನು. ದಿಮ್ಮಿಗೆ ಅಪೆಂಡಿಕ್ಸ್ ಇರಲ್ಲ."

ಅವಳು ನಕ್ಕಳು. ನಕ್ಕು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, "ನಮಗೆ ಮೂರು ಮಕ್ಕಳು ಬೇಕಂತೆ. ಈಗ್ಲೇ ಹೆಸರು ಇಟ್ಬಿಟ್ಟಿದ್ದಾನೆ, ಎಲ್ಲಾ ಅವನ ಅಮ್ಮನ ಕಡೆ ಹೆಸರೇ. ನೀವೇ ಬರ್ಬೇಕು ಆಗ" ಅಂದಳು.  ಅಪೆಂಡಿಕ್ಸ್ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಇನ್ನೊಬ್ಬಳು ನೆನಪಾಗುತ್ತಿದ್ದಳು.

ಗರಗಸದ ಮಿಲ್ಲಿನ ರಗ್ನಾರನ ಹೆಂಡತಿ ಡಾಗ್ನಿ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಆರು ವರ್ಷದಿಂದ ನನ್ನ ಹತ್ತಿರ ಬರುತ್ತಾಳೆ. ಕಾಡುಹಣ್ಣಿನ ಎಲೆಯ ಕಷಾಯ ಕೊಟ್ಟೆ. ತಾಳ್ಮೆ ಇರಲಿ ಅಂದೆ. ತಪ್ಪು ಗಂಡನದೇ ಇರಬೇಕೆಂದು ಅನುಮಾನಿಸಿ, ಶನಿವಾರದ ಬಿಸಿಹಬೆ ಸ್ನಾನ ಬಿಡು, ಬಿಸಿಗೆ ಗಂಡಸರ ಶಕ್ತಿ ಹೋಗುತ್ತದೆ ಎಂದು ರಗ್ನಾರನಿಗೂ ಹೇಳಿದೆ. ಪಾಪದವನು, ಊರಿನ ಗಂಡಸರೆಲ್ಲ ಹಬೆಯಲ್ಲಿ ಕೂತು ಹರಟುವಾಗ ಬಾವಿಕಟ್ಟೆಯಲ್ಲಿ ತಣ್ಣೀರು ಹುಯ್ದುಕೊಂಡ. ಡಾಗ್ನಿಗೂ ಮದುವೆಗೆ ಮುಂಚೆ ಅಪೆಂಡಿಕ್ಸ್ ತೆಗೆದಿದ್ದರು. ಗಾಯದ ಗುರುತು ನೋಡಿದ್ದೆ. ಅದು ಬಲಗಡೆ ಇರಲಿಲ್ಲ, ಕಿಬ್ಬೊಟ್ಟೆಯ ನಟ್ಟನಡುವೆ ಇತ್ತು. ಆಗ ಡಾಕ್ಟರನ್ನು ಕೇಳಿದ್ದಕ್ಕೆ, "ಒಬ್ಬೊಬ್ಬ ಸರ್ಜನ್ ಒಂದೊಂದು ಕಡೆ ಕೊಯ್ತಾನೆ ಹುಲ್ಡಾ" ಎಂದು ನಕ್ಕಿದ್ದರು. ಸಕ್ಕರೆ ಎರಡು ಸಲ ತೂಗುವ ನಾನು ಆ ಮಾತನ್ನು ಒಂದು ಸಲವೂ ತೂಗಲಿಲ್ಲ.

ಯಾಕೆಂದರೆ ಟೊರ್ನೆಲ್ ಒಳ್ಳೆಯವರು. ಅದನ್ನು ಈಗಲೂ ಹೇಳುತ್ತೇನೆ. ದಕ್ಷಿಣದ ಕಡೆಯವರು, ಹನ್ನೊಂದು ವರ್ಷದ ಹಿಂದೆ ಬಂದವರು. ಹಿಮದಲ್ಲಿ ಹದಿನೈದು ಮೈಲಿ ಜಾರುಹಲಗೆಯ ಮೇಲೆ ಹೋಗಿ ಗಂಟಲುಮಾರಿಯ ಮಕ್ಕಳನ್ನು ಉಳಿಸಿದ್ದಾರೆ. ಚರ್ಚಿನ ಗಂಟೆ ಹೊಡೆಯುವ ಆಲ್ಬಿನ್‌ನ ಕಾಲು ಕತ್ತರಿಸಬೇಕಿತ್ತು, ಉಳಿಸಿಕೊಟ್ಟರು. ಒಂಬತ್ತು ವರ್ಷದ ಹಿಂದೆ ಸರ್ಕಾರ ಒಂದು ಕಾನೂನು ಬರೆಯುವಾಗ ಸಲಹೆ ಕೇಳಲು ಅವರನ್ನು ಸ್ಟಾಕ್‌ಹೋಮ್‌ಗೆ ಕರೆಸಿತ್ತು. ಮೇಜಿನ ಸುತ್ತ ಒಂಬತ್ತು ಜನ ಕೂತ ಫೋಟೋ ಅವರ ನಡುಮನೆಯಲ್ಲಿದೆ. ಮಂದಬುದ್ಧಿಯವರು, ನಡತೆಗೆಟ್ಟವರು ಮಕ್ಕಳನ್ನು ಹೆರದ ಹಾಗೆ ಮಾಡುವ ಕಾನೂನು ಅದು. ಸುತ್ತೋಲೆ ನನಗೂ ಬಂದಿತ್ತು. ಓದಿ ಡ್ರಾಯರಿಗೆ ಹಾಕಿದ್ದೆ. ಅದು ಎಲ್ಲೋ ದೊಡ್ಡ ಆಸ್ಪತ್ರೆಗಳ ಗೋಡೆಯೊಳಗಿನವರಿಗೆ ಎಂದುಕೊಂಡಿದ್ದೆ.

ಬುಧವಾರವೇ ಡಾಕ್ಟರ ಮನೆಗೆ ಹೋದೆ. ಆ ಮನೆಯ ಅಡುಗೆಮನೆ ನನಗೆ ನನ್ನದರಷ್ಟೇ ಗೊತ್ತು. ಪ್ರತಿ ತಿಂಗಳ ಮೊದಲ ಸೋಮವಾರ ನಾನು, ಆಲ್ಬಿನ್ ಅಲ್ಲಿ ಕಾಫಿಗೆ ಕೂರುತ್ತಿದ್ದೆವು. ಯುದ್ಧದ ಕಾಲ, ಊರೆಲ್ಲ ಹುರಿದ ಬೇರಿನ ಕಷಾಯವನ್ನೇ ಕಾಫಿ ಅನ್ನುತ್ತಿದ್ದಾಗ ಅಲ್ಲಿ ನಿಜವಾದ ಕಾಫಿ, ಜೊತೆಗೆ ಏಳು ಬಗೆಯ ಬಿಸ್ಕತ್ತು. ಮೂರು ತುಂಬು ಬಟ್ಟಲು ಆದ ಮೇಲೆ ಡಾಕ್ಟರು ಕಾಗದದ ಕಟ್ಟು ತರುತ್ತಿದ್ದರು. ಲಸಿಕೆ, ವೃದ್ಧರ ಪಿಂಚಣಿ, ಅನಾಥರ ಅರ್ಜಿ, ಎಲ್ಲಕ್ಕೂ ಇಬ್ಬರು ಸಾಕ್ಷಿ ಬೇಕು. ಊರಿಂದೂರಿಗೆ ಅರ್ಧ ದಿನದ ದಾರಿ. ಒಂದೊಂದು ಸಹಿಗೂ ಸಾಕ್ಷಿಗಳು ಹೋಗಿ ನಿಲ್ಲಲು ಆಗುತ್ತದೆಯೇ? ಅದಕ್ಕೆ ಖಾಲಿ ಕಾಗದಗಳಿಗೆ ಮುಂಚಿತವಾಗಿಯೇ ಸಾಕ್ಷಿ ಹಾಕುವುದು ನಮ್ಮ ಕಡೆ ರೂಢಿ. ಹಿಂದಿನ ಡಾಕ್ಟರ ಕಾಲದಿಂದಲೂ ಹಾಗೇ. ಹಾಳೆಗಳ ಕೆಳ ಅಂಚು ಮಾತ್ರ ಕಾಣುವ ಹಾಗೆ, ಹಂಚು ಹೊದಿಸಿದಂತೆ ಒಂದರ ಮೇಲೊಂದು ಜೋಡಿಸಿಡುತ್ತಿದ್ದರು. ನಾವು ಸರಸರ ಸಹಿ ಹಾಕುತ್ತಾ ಹೋಗುತ್ತಿದ್ದೆವು. ನಮ್ಮಲ್ಲಿ ಸಾಕ್ಷಿಯ ಸಹಿ ಅಂದರೆ ಕಂಡದ್ದಕ್ಕಲ್ಲ, ಕಾಫಿ ಕೊಟ್ಟವರ ಮೇಲಿನ ನಂಬಿಕೆಗೆ.

ಡಾಕ್ಟರು ಔಷಧಿ ಕೋಣೆಯಲ್ಲಿದ್ದರು. ಸುತ್ತುಬಳಸುವುದು ನನಗೆ ಬಾರದು.

"ಎಲ್ವಿರಾಗೆ ಅಪೆಂಡಿಕ್ಸ್ ಇಲ್ಲ."

"ಎಲ್ಲರಿಗೂ ಇರತ್ತೆ ಹುಲ್ಡಾ."

"ನಾನೇನು ಕೇಳ್ತಿದ್ದೀನಿ ಅಂತ ನಿಮಗೆ ಗೊತ್ತು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ.

"ಕೂತ್ಕೊಳ್ಳಿ. ನೀವು ವೃತ್ತಿಯವರು, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನಾಳೆ ಪಟ್ಟಣದಲ್ಲಿ ನನಗೆ ಸಭೆ ಇದೆ, ಅಲ್ಲಿನ ಸರ್ಜನ್‌ಗೆ ನಾನೇ ಎಲ್ಲಾ ವಿವರಿಸ್ತೀನಿ. ನಳಿಕೆ ಕಟ್ಟೋದು, ಹತ್ತು ನಿಮಿಷದ ಕೆಲಸ. ಹುಡುಗಿ ಆರೋಗ್ಯವಾಗೇ ಇರ್ತಾಳೆ, ಮದುವೆ ಆಗ್ತಾಳೆ, ಕುಣೀತಾಳೆ. ಮಕ್ಕಳಾಗಲ್ಲ ಅಷ್ಟೇ."

"ಅಷ್ಟೇ?"

"ತಾಯಿ ಹೇಗಿದ್ಳು, ನೀವೇ ನೋಡಿದ್ರಿ. ತಂದೆ ಯಾರೋ. ಇವಳು ಓಡಿಹೋದೋಳು. ಇವಳ ಮಕ್ಕಳನ್ನ ಮತ್ತೆ ಯಾರು ಸಾಕ್ಬೇಕು? ರೈತ ಬಿತ್ತೋ ಮುಂಚೆ ಬೀಜ ಆರಿಸಲ್ವಾ?"

"ಆಲೂಗಡ್ಡೆಗೆ ನಡುಹಬ್ಬದ ಮದುವೆ ಇರಲ್ಲ ಡಾಕ್ಟ್ರೇ. ಅವಳಿಗೆ ಇದು ಗೊತ್ತಾ?"

"ಬಲವಂತ ಅನ್ನೋದು ಇಲ್ಲಿಲ್ಲ. ಸ್ಟಾಕ್‌ಹೋಮ್‌ನ ಆ ಮೇಜಿನ ಮುಂದೆ ನಾನೇ ಹಟ ಹಿಡಿದು ಹೇಳಿದ್ದೆ, ಅವಳಂಥೋರ ವಿಷಯದಲ್ಲಿ ಒಪ್ಪಿಗೆ ಬೇಕು, ಆ ಒಪ್ಪಿಗೆಗೆ ಇಬ್ಬರು ಸಾಕ್ಷಿ ಬೇಕು ಅಂತ. ಅವಳ ಒಪ್ಪಿಗೆ ಇದೆ. ಸ್ಟಾಕ್‌ಹೋಮ್‌ನ ವೈದ್ಯಕೀಯ ಮಂಡಳಿ ಮಂಜೂರೂ ಮಾಡಿದೆ."

ಒಂದು ಕಡತ ತೆಗೆದು ಮುಂದಿಟ್ಟರು. ಎಲ್ವಿರಾಳ ಹೆಸರು ದುಂಡಗೆ, ಬೇರೆ ಯಾರದೋ ಕೈಯಲ್ಲಿ ಬರೆದಿತ್ತು. ಪಕ್ಕದಲ್ಲಿ 'ಲೇಖನಿ ಮುಟ್ಟಿ ಒಪ್ಪಿರುತ್ತಾಳೆ' ಎಂದಿತ್ತು. ಇದೂ ನಮ್ಮ ಹಳೆಯ ಪದ್ಧತಿ. ಬರೆಯಲು ಬಾರದವರ ಹೆಸರನ್ನು ಇನ್ನೊಬ್ಬರು ಬರೆಯುತ್ತಾರೆ, ಬರೆಯುವಾಗ ಅವರು ಬೆರಳಿಂದ ಲೇಖನಿಯ ತುದಿ ಮುಟ್ಟಿಕೊಂಡಿರಬೇಕು. ಕಣ್ಣು ಕಾಣದ ಮುದುಕರು ಹೊಲ ಬರೆದುಕೊಡುವಾಗ ಹಾಗೆ ಮುಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಬ್ಬ ಮುದುಕನಂತೂ ಅಳಿಯನ ಮೇಲಿನ ಸಿಟ್ಟಿಗೆ ಕೊನೆಯ ಅಕ್ಷರದಲ್ಲಿ ಬೆರಳು ತೆಗೆದುಬಿಟ್ಟ, ಪತ್ರವೇ ಬಿದ್ದುಹೋಯಿತು.

ಆದರೆ ಎಲ್ವಿರಾಗೆ ಬರೆಯಲು ಬರುತ್ತದೆ. ಗೃಹದಿಂದ ನನಗೆ ಕ್ರಿಸ್‌ಮಸ್‌ಗೆ ಮೂರು ಕಾರ್ಡು ಬರೆದಿದ್ದಾಳೆ, ನನಗಿಂತ ಚೆಂದದ ಅಕ್ಷರ.

ಸಿಕ್ಕಿಬಿದ್ದಿರಿ ಎಂದುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಖುಷಿಯ ಕೋಪ ಇನ್ನೊಮ್ಮೆ ಬಂದಿಲ್ಲ. "ಇದು ಸುಳ್ಳು ಒಪ್ಪಿಗೆ. ಬರೆಯೋಕೆ ಬರೋಳು ಲೇಖನಿ ಯಾಕೆ ಮುಟ್ತಾಳೆ? ಅವಳು ಮುಟ್ಟಿದ್ದನ್ನ ಕಣ್ಣಾರೆ ಕಂಡೆ ಅಂತ ಬರ್ಕೊಟ್ಟ ಆ ಮನೆಹಾಳರು ಯಾರು, ಅವರನ್ನ ನಾನು ನೋಡ್ಬೇಕು" ಅಂದೆ.

ಡಾಕ್ಟರು ಹಾಳೆಯ ಕೆಳಭಾಗವನ್ನು ಬೆರಳಿಂದ ನನ್ನ ಕಡೆ ತಿರುಗಿಸಿದರು.

ಆಲ್ಬಿನ್‌ನ ಸೊಟ್ಟ ಸಹಿ. ಅದರ ಕೆಳಗೆ ಹುಲ್ಡಾ ಸೆಲೀನ್, ಸೂಲಗಿತ್ತಿ. ನನ್ನದೇ ಅಕ್ಷರ. ಮೂಲೆಯಲ್ಲಿ ಒಂದು ಕಾಫಿಯ ಹನಿ ಒಣಗಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಊರವರನ್ನೆಲ್ಲ ಆಡಿಕೊಂಡವಳು ನಾನು. ನನ್ನ ಹೆಗಲ ಮೇಲೆ ಕಾಯಿಯೇ ಕೂತಿತ್ತು. ಹೇಸಿಗೆಯಾಯಿತು. ಅವರ ಮೇಲಿನದಕ್ಕಿಂತ ನನ್ನ ಮೇಲೇ ಹೆಚ್ಚು.

"ಎಷ್ಟು ಇಂಥವು?" ಎಂದು ಕೇಳಿದೆ.

"ಒಂಬತ್ತು ವರ್ಷದಲ್ಲಿ ಹನ್ನೊಂದು."

"ಡಾಗ್ನಿ?"

"ಮೂರನೆಯವಳು. ಅವಳಣ್ಣನಿಗೆ ಮೂರ್ಛೆ ರೋಗ ಇತ್ತು, ನಿಮಗೆ ನೆನಪಿರಬೇಕು." ಅವರ ದನಿಯಲ್ಲಿ ಒರಟುತನ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಹುಲ್ಡಾ, ಮನೆಗೆ ಹೋಗಿ ಮಲಗಿ. ನೋಡದೇ ಸಾಕ್ಷಿ ಹಾಕಿದೆ ಅಂತ ನೀವು ಹೇಳಿದ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಪಿಂಚಣಿ ತಗೊಳ್ಳೋ ಮುದುಕರ ಕಾಗದಕ್ಕೂ ನಿಮ್ಮದೇ ಸಹಿ ಇದೆ. ಅವರ ಊಟಕ್ಕೂ ಕಲ್ಲು ಹಾಕ್ತೀರಾ?"

"ನೀವು ನಮ್ಮನ್ನ ಕಾಫಿಗೆ ಕರೀತಿದ್ದಿದ್ದು ಇದಕ್ಕಾ?"

"ಕಾಫಿಗೆ ಕರೆದಿದ್ದು ಕಾಫಿಗೇ. ನಿಮ್ಮನ್ನ ಕಂಡ್ರೆ ನನಗೆ ಗೌರವ ಇದೆ" ಅಂದರು. ಅದು ನಿಜವೇ ಇರಬೇಕು. ಆ ಮನುಷ್ಯನಿಗೆ ತಾನು ಮಾಡುವುದರ ಮೇಲೆ ಒಂದು ಎಳೆಯಷ್ಟೂ ಅನುಮಾನವಿರಲಿಲ್ಲ.

ಅಲ್ಲಿಂದ ನೇರ ಆಲ್ಬಿನ್ ಹತ್ತಿರ ಹೋದೆ. ಚರ್ಚಿನ ಹಿಂದೆ ಸೌದೆ ಒಟ್ಟುತ್ತಿದ್ದ. ಎಲ್ಲ ಹೇಳಿದೆ, ಇಬ್ಬರೂ ಸೇರಿ ಮಂಡಳಿಗೆ ಬರೆಯೋಣ ಅಂದೆ.

"ನಾನು ಏನೂ ನೋಡಿಲ್ಲ" ಅಂದ.

"ಅದೇ ಕಣೋ. ನೋಡಿಲ್ಲ ಅಂತಲೇ ಬರೀಬೇಕು."

"ನಾನು ಏನೂ ನೋಡಿಲ್ಲ ಅಂದ್ರೆ, ನೀನು ಈಗ ಇಲ್ಲಿಗೆ ಬಂದಿದ್ದನ್ನೂ ನೋಡಿಲ್ಲ." ಸೌದೆ ಒಟ್ಟುತ್ತಲೇ ಇದ್ದ. ತಿರುಗದೆಯೇ, "ಈ ಕಾಲು ಅವರು ಉಳಿಸಿದ್ದು ಹುಲ್ಡಾ" ಅಂದ. 

ಮಂಡಳಿಗೆ ಒಂದು ಪುಟದ ಕಾಗದ ಬರೆಯಲು ಗುರುವಾರ ಇಡೀ ದಿನ ಹಿಡಿಯಿತು. ನಾನು ನೋಡಿಲ್ಲ ಎಂದು ಬರೆಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ. ಈ ಕೆಲಸ ಬಿಟ್ಟರೆ ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಊರಿನ ಮುನ್ನೂರು ಮಕ್ಕಳೇ ನನ್ನವು ಎಂದು ಜಂಬ ಕೊಚ್ಚಿಕೊಂಡವಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮನಸ್ಸೇ ನನ್ನನ್ನು ಮೋಸಗೊಳಿಸಲು ನೋಡಿತು: ಎಲ್ವಿರಾಗೆ ಗುಟ್ಟಾಗಿ ಹೋಗಬೇಡ ಅಂದರೆ ಸಾಲದೇ, ನನ್ನ ಸಹಿಯ ಮಾತು ಯಾಕೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ನನ್ನ ಸಾಕ್ಷಿ ಆ ಹಾಳೆಯ ಮೇಲೆ ಇರುವ ತನಕ ಅವಳು ಒಪ್ಪಿದವಳೇ. ನಾಳೆ ಹೋಗದಿದ್ದರೆ ನಾಡಿದ್ದು ಪೊಲೀಸರು ಗೃಹಕ್ಕೆ ಒಯ್ಯುತ್ತಾರೆ, ಅಲ್ಲಿಂದ ಆಸ್ಪತ್ರೆಗೆ. ನನಗೆ ನನ್ನ ಮೇಲೇ ಅನುಮಾನ ಬಂದು, ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಬಸ್ಸು ಹಾಲಿನ ಕಟ್ಟೆಯ ಹತ್ತಿರ ನಿಂತಿತ್ತು. ಚಾಲಕ ಹಾಲಿನ ಕ್ಯಾನು ಏರಿಸುತ್ತಿದ್ದ. ಏಳೆಂಟು ಜನ ಇದ್ದರು. ಎಲ್ವಿರಾ ರಟ್ಟಿನ ಪೆಟ್ಟಿಗೆಗೆ ದಾರ ಕಟ್ಟಿಕೊಂಡು, ತಲೆಗೆ ಒಳ್ಳೆಯ ವಸ್ತ್ರ ಸುತ್ತಿಕೊಂಡು ನಿಂತಿದ್ದಳು. ಹೆಲ್ಮರ್ ಅವಳ ಕೈಗೆ ಬ್ರೆಡ್ಡಿನ ಪೊಟ್ಟಣ ಕೊಡುತ್ತಿದ್ದ.

"ಹತ್ತಬೇಡ ಎಲ್ವಿರಾ" ಅಂದೆ. "ಅದು ಅಪೆಂಡಿಕ್ಸ್ ಅಲ್ಲ. ನಿನಗೆ ಮಕ್ಕಳಾಗದ ಹಾಗೆ ಮಾಡ್ತಾರೆ. ನೀನು ಒಪ್ಪಿದ್ದೀಯ ಅಂತ ಕಾಗದ ಇದೆ, ನಾನು ನೋಡ್ದೆ."

 ಚಾಲಕ ಕ್ಯಾನನ್ನು ಅರ್ಧಕ್ಕೆ ಎತ್ತಿ ಹಾಗೇ ಹಿಡಿದಿದ್ದ.

"ನಾನೆಲ್ಲಿ ಒಪ್ಪಿದ್ದೀನಿ?"

"ಲೇಖನಿ ಮುಟ್ಟಿದ್ದೀಯ ಅಂತ ಬರ್ದಿದೆ."

"ನನಗೆ ಬರೆಯೋಕೆ ಬರತ್ತೆ. ನಾನ್ಯಾಕೆ ಮುಟ್ಲಿ? ಮುಟ್ಟಿದ್ದನ್ನ ಯಾರು ನೋಡಿದ್ರಂತೆ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು.  ಅವಳು ಕಾಯುತ್ತಿದ್ದಳು.

"ನಾನು" ಅಂದೆ. "ನಾನು ನೋಡಿದೆ ಅಂತ ಸಹಿ ಹಾಕಿದ್ದೀನಿ. ನೋಡಿರಲಿಲ್ಲ."

ಎಲ್ವಿರಾ ನನ್ನನ್ನು ಕೆಳಗಿಂದ ಮೇಲಿನ ತನಕ ನೋಡಿದಳು. ನಾನು ಅಂಗಡಿಯವನ ತಕ್ಕಡಿ ನೋಡುವ ಹಾಗೆ. "ಮೊನ್ನೆ ನಿಮ್ಮ ಅಡುಗೆಮನೇಲಿ ನಗಿಸ್ತಾ ಇದ್ರಲ್ಲ, ಆಗ ಗೊತ್ತಿತ್ತಾ?"

"ಇರಲಿಲ್ಲ ಮಗಾ."

"ಅದನ್ನ ಹೇಗೆ ನಂಬ್ಲಿ?"

 ಹೆಲ್ಮರ್ ಅವಳ ಪೆಟ್ಟಿಗೆ ತೆಗೆದುಕೊಂಡ. ಇಬ್ಬರೂ ಹೊಳೆಯ ಕಡೆಗೆ ನಡೆದರು. ನಾನು ಲಕೋಟೆಯನ್ನು ಚಾಲಕನ ಕೈಗೆ ಕೊಟ್ಟೆ. ಅವನು ಅದನ್ನು ಟಪಾಲು ಚೀಲಕ್ಕೆ ಹಾಕಿದ, ನನಗೆ ದಿನವೂ ಹೇಳುವ ನಮಸ್ಕಾರ ಹೇಳಲಿಲ್ಲ.

ಎಲ್ವಿರಾಳ ಕಡತ ಮಂಡಳಿಯಿಂದ ರದ್ದಾಗಿ ವಾಪಸು ಬಂತು ಎಂದು ಜುಲೈನಲ್ಲಿ ತಿಳಿಯಿತು. ನನ್ನ ಕೆಲಸ ಹೋದದ್ದು ಅದಕ್ಕಿಂತ ಮೊದಲು. ಮರುವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿದಾಗ ಪಕ್ಕದ ಊರಿನಿಂದ ಸೂಲಗಿತ್ತಿಯನ್ನು ಕರೆಸಿಕೊಂಡಳು, ನನಗೆ ಹೇಳಿಕಳಿಸಲಿಲ್ಲ. ಡಾಕ್ಟರು ಇನ್ನೂ ಎಂಟು ವರ್ಷ ಇದ್ದರು, ಹೋಗುವಾಗ ಊರು ಅವರಿಗೆ ಬೆಳ್ಳಿಯ ಕಾಫಿ ಪಾತ್ರೆ ಕೊಟ್ಟಿತು.

ಆದರೆ ನನಗೆ ದಿನವೂ ನೆನಪಾಗುವುದು ಆ ಶುಕ್ರವಾರವೇ. ಬಸ್ಸು ಹೋದ ಮೇಲೆ ನಾನು ಮನೆಗೆ ಹೋಗಲಿಲ್ಲ, ಮಿಲ್ಲಿನ ದಾರಿ ಹಿಡಿದು ಡಾಗ್ನಿಯ ಮನೆಗೆ ಹೋದೆ. ರಗ್ನಾರ್ ಬೆಳಗಿನ ಊಟಕ್ಕೆ ಬಂದಿದ್ದ. ಡಾಗ್ನಿ ನನ್ನನ್ನು ಕಂಡು ಎಂದಿನಂತೆ ಕಾಫಿಗೆ ನೀರಿಟ್ಟಳು. ಒಲೆಯ ಮೇಲಿನ ಹಲಗೆಯಲ್ಲಿ ನಾನು ಕೊಟ್ಟ ಕಷಾಯದ ಎಲೆಯ ಡಬ್ಬಿ ಇತ್ತು.

ನಿಂತೇ ಹೇಳಿದೆ. ಎಲ್ಲವನ್ನೂ, ಸೋಮವಾರಗಳನ್ನು, ಕಾಫಿಯ ಹನಿಯನ್ನು, ಮೂರನೆಯವಳು ಎಂದದ್ದನ್ನು. ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನೀರಿನ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ನಮ್ಮ ಕಡೆ ಮನೆಗೆ ಬಂದವರಿಗೆ ಇಟ್ಟ ಕಾಫಿ ಇಳಿಸುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ರಗ್ನಾರ್ ತಟ್ಟೆ ನೋಡುತ್ತಾ ಕೂತಿದ್ದ. "ಹಾಗಾದ್ರೆ ಸ್ನಾನದ್ದು?" ಅಂದ.

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ರಗ್ನಾರ್. ನಾನು ಗೊತ್ತಿಲ್ದೆ ಹೇಳಿದ್ದು."

"ಆರು ವರ್ಷ" ಅಂದ. 

ಡಾಗ್ನಿ ಒಳಗೆ ಹೋಗಿ ಹಾಳೆ, ಮಸಿ, ಲೇಖನಿ ತಂದು ಮೇಜಿನ ಮೇಲಿಟ್ಟಳು. "ನೀವು ಈಗ ಹೇಳಿದ್ದನ್ನೆಲ್ಲ ನನ್ನ ಮಾತಲ್ಲಿ ಮಂಡಳಿಗೆ ಬರೀತೀನಿ. ಡಾಗ್ನಿ ಆದ ನಾನು ಒಪ್ಪಿರಲಿಲ್ಲ ಅಂತ. ನನಗೂ ಬರೆಯೋಕೆ ಬರತ್ತೆ" ಅಂದಳು. ಬರೆದಳು. ಅವಳಿಗೆ ಆತುರವಿರಲಿಲ್ಲ, ಪ್ರತಿ ಸಾಲಿನ ಮೇಲೂ ಒತ್ತುಕಾಗದ ಇಟ್ಟು ಆರಿಸಿದಳು. ಕೊನೆಗೆ ಸಹಿ ಮಾಡುವ ಮೊದಲು ಲೇಖನಿ ಎತ್ತಿ ಹಿಡಿದು ನನ್ನ ಕಡೆ ನೋಡಿದಳು.

"ಇದಕ್ಕೂ ಸಾಕ್ಷಿ ಬೇಕಲ್ಲ ಹುಲ್ಡಕ್ಕ. ಹತ್ರ ಬನ್ನಿ. ಮೊದಲು ನೋಡಿ, ಆಮೇಲೆ ಹಾಕಿ."

ನಾನು ಹತ್ತಿರ ಹೋಗಿ ಬಗ್ಗಿ ನಿಂತೆ. ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರ ಬರೆದಳು, ಒಂದೊಂದು ಅಕ್ಷರಕ್ಕೂ ನಿಲ್ಲಿಸಿ ನಾನು ನೋಡುತ್ತಿದ್ದೇನೆಯೇ ಎಂದು ನೋಡಿದಳು. ಎಲ್ಲವನ್ನೂ ನೋಡಿದೆ. ಆಮೇಲೆ ಅವಳು ಲೇಖನಿಯನ್ನು ನನ್ನ ಕೈಗೆ ಕೊಟ್ಟಳು.